ಉರುಳೆಯ ಮೇಲಿನ ಮೂರು ಪಟ್ಟೆ

"ಇನ್ನೂ ಗಟ್ಟಿಯಾಗಿ ಉಜ್ಜಿ ಸಾರ್. ಒಣಗಿದ ಮಸಿ ಅಂದ್ರೆ ಮಲಗಿದ ಎಮ್ಮೆ ಇದ್ದಂಗೆ. ಒಂದೇ ಏಟಿಗೆ ಏಳಲ್ಲ."

ಹೀಗೆ ಹೇಳಿಕೊಡುತ್ತಿದ್ದವನ ಕೈಗೆ ಬೇಡಿ ಇತ್ತು. ಹೇಳಿಸಿಕೊಂಡು ಉಜ್ಜುತ್ತಿದ್ದವನು ಆ ಬೇಡಿ ತೊಡಿಸಿದ ಸಬ್‌ಇನ್ಸ್‌ಪೆಕ್ಟರ್ ಕದರಪ್ಪ.

ಬಡವನಹಳ್ಳಿಯ ಹೊರಗೆ, ಗುಡ್ಡದ ಬುಡದಲ್ಲಿದ್ದ ಖಾಸಗಿ ಹೈಸ್ಕೂಲಿನ ಆಫೀಸು ಕೋಣೆ ಅದು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಸೈಕ್ಲೋಸ್ಟೈಲ್ ಯಂತ್ರದಿಂದ ಬಿಚ್ಚಿದ ಉರುಳೆಯನ್ನು ಇಟ್ಟಿದ್ದರು. ಮೈಯೆಲ್ಲ ಜರಡಿಯಂತೆ ಸಣ್ಣ ಸಣ್ಣ ತೂತಿರುವ ಲೋಹದ ಉರುಳೆ. ಒಳಗೆ ಮಸಿ ಹಿಂಡಿ, ಹೊರಗೆ ಬಟ್ಟೆ ಸುತ್ತಿ, ಅದರ ಮೇಲೆ ಸ್ಟೆನ್ಸಿಲ್ ಹಾಳೆ ಹೊದಿಸಿ ಹಿಡಿ ತಿರುಗಿಸಿದರೆ, ಆ ತೂತುಗಳಿಂದ ಒಸರುವ ಮಸಿ ಕಾಗದದ ಮೇಲೆ ಅಕ್ಷರವಾಗಿ ಬೀಳುತ್ತಿತ್ತು.

ಈ ಉರುಳೆಯಲ್ಲಿ ಮಾತ್ರ ಒಂದು ಕಡೆ ಮಸಿ ಒಸರುತ್ತಿರಲಿಲ್ಲ. ಅಲ್ಲಿ ಮೂರು ಪಟ್ಟೆಗಳಷ್ಟು ಜಾಗ ಕಟ್ಟಿಕೊಂಡಿತ್ತು. ಅದೇ ಮೂರು ಮಸುಕು ಪಟ್ಟೆ ಕಳೆದ ವಾರ ಸಂತೆಯಲ್ಲಿ ಹಂಚಿದ ಕರಪತ್ರದ ಮೇಲೂ ಇತ್ತು. ಕುರಿಗಳಿಗೆ ಮನುಷ್ಯರಿಗೂ ಅಂಟುವ ರೋಗ ಬಂದಿದೆ, ಸರ್ಕಾರದವರು ಇಂದೇ ಎಲ್ಲವನ್ನೂ ಹಿಡಿದು ಸುಡುತ್ತಾರೆ ಎಂಬ ಹಸಿ ಸುಳ್ಳಿನ ಕರಪತ್ರ. ಅದನ್ನು ಓದಿ, ಓದಿಸಿ ಕೇಳಿ, ಸಂತೆಯೇ ದಿಕ್ಕೆಟ್ಟು ಓಡಿದಾಗ ಕುರಿ ಕಾಯುವ ಬೋರಣ್ಣ ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತಿದ್ದ.

ಪಟ್ಟೆಗೆ ಪಟ್ಟೆ ಹೊಂದಿತು. ಶಾಲೆಯ ಗುಮಾಸ್ತ ಸಣ್ಣರಂಗಯ್ಯನ ಕೈಗೆ ಬೇಡಿ ಬಿತ್ತು. ಯಂತ್ರವನ್ನು ಮುಟ್ಟುವವನು ಅವನೊಬ್ಬನೇ.

ಐದು ಗಂಟೆಗೆ ಮಧುಗಿರಿಯಿಂದ ಜೀಪು ಬರಬೇಕಿತ್ತು. ಸರ್ಕಲ್ ಇನ್ಸ್‌ಪೆಕ್ಟರ್ ಓಬಳಯ್ಯನವರ ಅಪ್ಪಣೆ ಖಡಕ್ಕಾಗಿತ್ತು. ಆರೋಪಿಯನ್ನು ಇವತ್ತೇ ಮ್ಯಾಜಿಸ್ಟ್ರೇಟರ ಮನೆಗೆ ಒಯ್ದು ಹಾಜರು ಮಾಡಬೇಕು. ಒಮ್ಮೆ ಜೈಲು ಸೇರಿದನೆಂದರೆ ಸಣ್ಣರಂಗಯ್ಯನ ಕೆಲಸ ಹೋಯಿತು, ಮಾನ ಹೋಯಿತು. ಕೊಲೆಗಾರ ಎಂಬ ಹೆಸರು ಅವನ ಮಕ್ಕಳ ಹಣೆಗೂ ಅಂಟಿತು.

ಎಲ್ಲ ಸರಿಯಾಗಿಯೇ ಇತ್ತು. ಆದರೂ ಕದರಪ್ಪನಿಗೆ ರಾತ್ರಿಯಿಡೀ ನಿದ್ದೆ ಹತ್ತಿರಲಿಲ್ಲ. ಮುಳ್ಳು ಎಲ್ಲಿ ಚುಚ್ಚುತ್ತಿದೆ ಎಂದು ಕೇಳಿದ್ದರೆ ಹೇಳಲು ಅವನಿಗೇ ಗೊತ್ತಿರಲಿಲ್ಲ. ಅದಕ್ಕೇ ಬೆಳಗ್ಗೆ ಎದ್ದವನೇ ಲಾಕಪ್ಪಿನ ಬಾಗಿಲು ತೆಗೆಸಿ, "ನಡಿಯಪ್ಪ, ಆ ಮಿಷಿನ್ನು ಹೆಂಗೆ ಕಟ್ಟಿಕೊಂಡಿದೆ ಅಂತ ನನಗೆ ತೋರಿಸು" ಎಂದು ಸಣ್ಣರಂಗಯ್ಯನನ್ನು ಕರೆತಂದಿದ್ದ.

"ಸಾರ್, ಒಂದು ಮಾತು ಕೇಳ್ಲಾ?" ಬಾಗಿಲಿಗೆ ಒರಗಿ ನಿಂತ ಕಾನ್‌ಸ್ಟೇಬಲ್ ಚಿಕ್ಕರಂಗಯ್ಯ ಆಕಳಿಸಿದ. "ಕಳ್ಳ ಹೇಳಿಕೊಡೋದು, ಪೊಲೀಸು ಉಜ್ಜೋದು. ಇದ್ಯಾವ ಸೆಕ್ಷನ್ನಾಗೆ ಬತ್ತದೆ?"

"ನೀನು ಬಾಯಿ ಮುಚ್ಚಿಕೊಂಡು ನಿಂತಿರೋ ಸೆಕ್ಷನ್ನಾಗೆ."

"ಆಯ್ತು ಸಾರ್. ಅಂಗೇ ಮೂಗಿನ ಮ್ಯಾಲೆ ಮಸಿ ಐತೆ, ಒರೆಸ್ಕಳಿ."

ಒರೆಸಿಕೊಳ್ಳಲು ಹೋಗಿ ಕದರಪ್ಪ ಅದನ್ನು ಕೆನ್ನೆಗೂ ಬಳಿದುಕೊಂಡ. ಚಿಕ್ಕರಂಗಯ್ಯ ಗೋಡೆಯ ಕಡೆ ತಿರುಗಿ ಕೆಮ್ಮಿದ.

ಸೀಮೆಎಣ್ಣೆಯ ಡಬ್ಬಿ ಅರ್ಧ ಖಾಲಿಯಾಗಿತ್ತು. ಉರುಳೆಯ ಮೈ ತೊಳೆದಿಟ್ಟ ತಂಬಿಗೆಯ ಹಾಗೆ ಹೊಳೆಯತೊಡಗಿತ್ತು. ಎಲ್ಲ ತೂತುಗಳೂ ಕಣ್ಣು ಬಿಟ್ಟಿದ್ದವು. ಆ ಮೂರು ಪಟ್ಟೆ ಮಾತ್ರ ಕದಲಲಿಲ್ಲ. ಮೇಲಿನ ಕಪ್ಪು ಹೋಗಿ ಅವು ಈಗ ಬೂದು ಬಣ್ಣಕ್ಕೆ ತಿರುಗಿದ್ದವು, ಅಷ್ಟೇ.

"ಇದು ಯಾಕೆ ಬಿಡ್ತಿಲ್ಲ?"

"ಬುಡ್ತದೆ ಸಾರ್. ಸೀಮೆಎಣ್ಣೆಗೆ ಬಿಡದ ಮಸೀನೇ ಇಲ್ಲ," ಎಂದ ಸಣ್ಣರಂಗಯ್ಯ. ಆದರೆ ಅವನ ದನಿಯಲ್ಲಿ ಮೊದಲಿನ ಧೈರ್ಯವಿರಲಿಲ್ಲ. "ರಜದಾಗೆ ಬಿಸಿಲಿಗೆ ಗಟ್ಟಿಯಾಗೈತೆ ಅಷ್ಟೆಯ."

"ನೀನು ಕೊನೇ ಸಲ ಓಡಿಸಿದ್ದು ಯಾವಾಗ?"

"ದಸರಾ ರಜಕ್ಕೆ ಮುಂಚೆ ಸಾರ್, ಕಿರುಪರೀಕ್ಷೆಗೆ. ಆವಾಗ ಒಂದು ಚುಕ್ಕೇನೂ ಬಿಡದೆ ಅಚ್ಚಾಗಿತ್ತು. ಆಯುಧಪೂಜೆ ಹಿಂದಿನ ದಿನ ತೊಳೆದು ಒರೆಸಿ ಮುಚ್ಚಿಟ್ಟೋನು, ಆಮ್ಯಾಲೆ ಮುಟ್ಟೇ ಇಲ್ಲ. ಇದನ್ನೇ ಸರ್ಕಲ್ ಸಾಹೇಬ್ರಿಗೂ ಹೇಳಿದ್ದೆ. ನಂಬಲಿಲ್ಲ."

ಹೊರಗೆ ಜಗುಲಿಯ ತುದಿಯಲ್ಲಿ ಅವನ ಹೆಂಡತಿ ಸಣ್ಣಕ್ಕ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಬೆಳಗ್ಗೆಯಿಂದ ಅಲ್ಲಿಂದ ಎದ್ದಿರಲಿಲ್ಲ. ಅಂಗಳದ ಹೊಂಗೆಮರದ ಕೆಳಗೆ ಇನ್ನೊಬ್ಬರು ಕೂತಿದ್ದರು. ಸತ್ತ ಬೋರಣ್ಣನ ಅಣ್ಣ ಜುಂಜಪ್ಪ, ಶಾಲಾ ಕಮಿಟಿಯ ಅಧ್ಯಕ್ಷ. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕೋಲು. ತಮ್ಮನನ್ನು ಕೊಂದವನಿಗೆ ಬೇಡಿ ಬಿದ್ದದ್ದನ್ನು ಕಣ್ಣಾರೆ ನೋಡಬೇಕೆಂದು ಬಂದು ಕೂತ ಮುದುಕನನ್ನು ಏಳು ಎನ್ನಲು ಕದರಪ್ಪನಿಗೆ ಮನಸ್ಸು ಬಂದಿರಲಿಲ್ಲ.

ಒಳಗೆ, ಮೇಜಿನ ಹಿಂದೆ, ಹೆಡ್‌ಮಾಸ್ಟರ್ ಗಂಗಾಧರಯ್ಯನವರು ಕೈಕಟ್ಟಿ ಕೂತಿದ್ದರು. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಉಣ್ಣೆಯ ಟೋಪಿ. ಬಂದಾಗಿನಿಂದ ಎರಡು ಸಲ ಗಡಿಯಾರ ನೋಡಿದ್ದರು.

"ಇನ್ಸ್‌ಪೆಕ್ಟ್ರೇ, ಅದನ್ನು ಉಜ್ಜಿ ಏನು ಸಾಧಿಸ್ತೀರಿ? ಪಟ್ಟೆ ಹೋದರೆ ನಿಮ್ಮ ಸಾಕ್ಷಿಯೇ ಹೋಗುತ್ತಲ್ಲ."

ಮಾತು ಸರಿಯಾಗಿತ್ತು. ಕದರಪ್ಪ ಉಜ್ಜುವುದನ್ನು ನಿಲ್ಲಿಸಿದ. ತಾನು ಇಷ್ಟು ಹೊತ್ತು ಮಾಡುತ್ತಿದ್ದುದು ಸರ್ಕಾರದ ಸಾಕ್ಷಿಯನ್ನು ಅಳಿಸುವ ಕೆಲಸವೇ? ಓಬಳಯ್ಯನವರಿಗೆ ಗೊತ್ತಾದರೆ ಏನು ಹೇಳುವುದು? 'ಏಮಿ ಚೇಸ್ತಿವಿರಾ ಕದರಪ್ಪಾ' ಎಂದು ಪಾವಗಡದ ಕಡೆಯ ತನ್ನ ಮನೆಮಾತು ತೆಲುಗಿನಲ್ಲಿ, ಏನು ಮಾಡಿಬಿಟ್ಟೆಯೋ ಎಂದು ತನ್ನನ್ನೇ ಬೈದುಕೊಂಡು, ಗಾಬರಿಯಲ್ಲಿ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಸಿಕ್ಕಿದ್ದು ಕುಡಿಯುವ ನೀರಿನ ಕೊಳಗಕ್ಕೆ ಮುಚ್ಚಿದ್ದ ಒದ್ದೆ ಪಂಚೆಯ ತುಂಡು. ಕೈ ಒರೆಸಿದ. ಒರೆಸಿದ ಕೈಯಲ್ಲಿ ಉರುಳೆಯನ್ನು ಎತ್ತಿ ಇಡಲು ಹೋದ. ಜಾರಿತು. ಬೀಳದಂತೆ ಅದೇ ಒದ್ದೆ ಬಟ್ಟೆ ಅಮುಕಿ ಹಿಡಿದ.

ಕೈ ತೆಗೆದಾಗ ಮೂರು ಪಟ್ಟೆಗಳಲ್ಲಿ ಒಂದರ ತುದಿ ಇರಲಿಲ್ಲ.

ಕದರಪ್ಪ ನೋಡಿದ. ಬಟ್ಟೆಯನ್ನು ನೀರಿಗೆ ಅದ್ದಿ, ಅದೇ ಪಟ್ಟೆಯ ಮೇಲೆ ಮೆಲ್ಲಗೆ ಎಳೆದ. ಬೆಣ್ಣೆಯ ಹಾಗೆ ಬಂತು. ಸೀಮೆಎಣ್ಣೆಗೆ ಜಪ್ಪಯ್ಯ ಅನ್ನದೆ ಕೂತಿದ್ದ ಪಟ್ಟೆ ಬರೀ ನೀರಿಗೆ ಕರಗಿ, ಕೆಳಗಿನ ತೂತುಗಳು ಸಾಲಾಗಿ ಬೆಳಕು ಬಿಟ್ಟವು.

ಬಟ್ಟೆಯ ಮೇಲೆ ಮಸಿಯಿರಲಿಲ್ಲ. ಬೂದುಬಿಳುಪಿನ ಕೆಸರು ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದ. ಸೀಮೆಎಣ್ಣೆಯ ಘಾಟಿನ ನಡುವೆಯೂ ಆ ವಾಸನೆ ತಪ್ಪಲಿಲ್ಲ. ದೇವರ ಮನೆಯ ವಾಸನೆ.

"ಗಂಧ," ಎಂದ ಕದರಪ್ಪ. "ಗಂಧ, ವಿಭೂತಿ. ಕಲಸಿ ಮೂರು ಬೆರಳಲ್ಲಿ ಎಳೆದಿದಾರೆ. ಇದು ಕಟ್ಟಿಕೊಂಡ ಮಸಿಯಲ್ಲ. ಆಯುಧಪೂಜೆ ಪಟ್ಟೆ."

ಚಿಕ್ಕರಂಗಯ್ಯ ಬಾಗಿಲು ಬಿಟ್ಟು ಹತ್ತಿರ ಬಂದು ಬಗ್ಗಿ ನೋಡಿದ.

"ಅಯ್ ಶಿವನೆ! ಪೂಜೆ ಮಾಡೋರು ಹಿಡೀಗೆ, ಮೇಲಿನ ಮುಚ್ಚಳಕ್ಕೆ ಬಳೀತಾರೆ. ಇದ್ಯಾವನೋ ಭಕ್ತ ಬಟ್ಟೆ ಬಿಚ್ಚಿ ಉರುಳೆ ಹೊಟ್ಟೇಗೇ ಬಳ್ದವ್ನೆ. ಅದು ಒಣಗಿ ತೂತು ಮುಚ್ಚಿಕೊಂಡದೆ. ಅದರ ಮ್ಯಾಲೆ ಬಟ್ಟೆ ಸುತ್ತಿ ಅಚ್ಚು ಹಾಕವ್ನೆ. ಸಾರ್, ನೀವು ಒಂದು ಪಟ್ಟೆ ಪೂರ್ತಿ ತೊಳೆದುಬುಟ್ರಿ."

"ಗೊತ್ತು."

"ಇನ್ನು ಎರಡೇ ಉಳ್ಕೊಂಡವೆ."

"ಗೊತ್ತು ಅಂದ್ನಲ್ಲ!"

ಕದರಪ್ಪ ಬಟ್ಟೆಯನ್ನು ದೂರ ಎಸೆದ. ಆಮೇಲೆ ತಿರುಗಿ ಸಣ್ಣರಂಗಯ್ಯನ ಮುಖ ನೋಡಿದ. ಆ ಮುಖದಲ್ಲಿದ್ದದ್ದು ಭಯವಲ್ಲ, ದಿಗ್ಭ್ರಮೆ.

"ಸಾರ್," ಎಂದ ಸಣ್ಣರಂಗಯ್ಯ ನಿಧಾನವಾಗಿ. "ಅಂಗಾದ್ರೆ ಇದು ನಮ್ ಉರುಳೆ ಅಲ್ಲ."

"ಹೆಂಗೆ ಹೇಳ್ತೀಯ?"

"ನಾವು ಬೌದ್ಧರಾಗಿ ಆರು ವರ್ಷ ಆಯ್ತು ಸಾರ್, ನಾನು, ನನ್ ಹೆಂಡ್ತಿ, ಮಕ್ಕಳು. ಪೂಜೆ ಪುನಸ್ಕಾರ ಬಿಟ್ಟೀವಿ. ಯಂತ್ರನ ಹಬ್ಬಕ್ಕೆ ತೊಳೀತೀನಿ, ಎಣ್ಣೆ ಬಿಡ್ತೀನಿ. ಕುಂಕುಮ ವಿಭೂತಿ ಒಂದು ಚುಕ್ಕೆ ಇಡಲ್ಲ. ಕಪಾಟಿಗೆ ಬೀಗ ಹಾಕಿ ಬೀಗದಕೈ ಮೇಜಿನಾಗೆ ಇಟ್ಟು ಹೋಗ್ತೀನಿ. ಅದರಿಂದ ನನಗೆ ಈ ಶಾಲೇಲಿ ಎಷ್ಟು ಮಾತು ಬಂದದೆ ಅಂತ ಮೇಷ್ಟ್ರಿಗೇ ಗೊತ್ತು."

"ಬೀಗದಕೈ ಯಾರ ಮೇಜಲ್ಲಿ ಇಡ್ತೀಯ?"

ಸಣ್ಣರಂಗಯ್ಯನ ಕಣ್ಣು ಮೇಷ್ಟ್ರ ಮೇಜಿನ ಕಡೆ ಹೋಯಿತು.

ಗಂಗಾಧರಯ್ಯನವರು ಕಟ್ಟಿದ್ದ ಕೈ ಬಿಚ್ಚಿದರು.

"ಏನು, ನನ್ನ ಮುಖ ಯಾಕೆ ನೋಡ್ತೀಯ ಸಣ್ಣರಂಗ? ಅದರಲ್ಲಿ ಮುಚ್ಚಿಡೋ ವಿಷಯ ಏನಿದೆ? ಇವನು ಪೂಜೆ ಮಾಡಲ್ಲ ಇನ್ಸ್‌ಪೆಕ್ಟ್ರೇ. ಅವನ ಇಷ್ಟ, ನಾನು ಬಲವಂತ ಮಾಡೋನಲ್ಲ. ಆದರೆ ವಿದ್ಯೆ ಕೊಡೋ ಯಂತ್ರ ಬೋಳುಹಣೇಲಿ ಇರಬಾರದು ಅಂತ ನಾನೇ ಹಚ್ಚಿದೆ."

"ನೀವೇ?"

"ನಾನೇ. ಉರುಳೆ ತೆಗೆದು, ಬಟ್ಟೆ ಬಿಚ್ಚಿ, ಈ ಮೂರು ಬೆರಳಿಂದ." ಬಲಗೈ ಎತ್ತಿ ತೋರಿಸಿದರು. "ತೂತು ಕಟ್ಟಿಕೊಳ್ಳುತ್ತೆ ಅಂತ ನನಗೇನು ಗೊತ್ತು? ನಾನು ಇತಿಹಾಸದ ಮೇಷ್ಟ್ರು. ಹಬ್ಬ ಕಳೆದ ಮೇಲೆ ಇವನು ಅದೇ ಉರುಳೇಲಿ ಕರಪತ್ರ ಒತ್ತಿದಾನೆ. ಪಟ್ಟೆ ಬಿದ್ದಿದೆ. ನಿಮ್ಮ ಕೇಸು ಇನ್ನೂ ಗಟ್ಟಿಯಾಯ್ತೇ ಹೊರತು ಸಡಿಲ ಆಗಲಿಲ್ಲ."

ಸಣ್ಣರಂಗಯ್ಯನ ತಲೆ ಎದೆಗೆ ಬಿತ್ತು.

ಕದರಪ್ಪ ಉರುಳೆಯನ್ನು ಮತ್ತೆ ನೋಡಿದ. ಹೌದಲ್ಲ, ಅಷ್ಟೇ ಇರಬಹುದಲ್ಲ. ಗಂಧದ ವಾಸನೆ ಹಿಡಿದು ಹೊರಟ ತನ್ನ ಪತ್ತೇದಾರಿಕೆ ಎರಡೇ ಮಾತಿಗೆ ಮಣ್ಣಾಯಿತು. ಅದರ ಮೇಲೆ ಸಾಕ್ಷಿಯ ಮೂರರಲ್ಲೊಂದು ಪಾಲನ್ನು ತಾನೇ ತೊಳೆದು ಕೂತಿದ್ದೇನೆ. ಓಬಳಯ್ಯನವರು ಹೇಳಿದ್ದು ಸರಿ. 'ಕದರಪ್ಪ, ನಿನಗೆ ಅನುಮಾನ ಜಾಸ್ತಿ, ಗುಂಡಿಗೆ ಕಮ್ಮಿ.'

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಬಿಸಿಲು ಗುಡ್ಡದ ಆಚೆಗೆ ವಾಲುತ್ತಿತ್ತು. ಸಣ್ಣಕ್ಕ ಕಿಟಕಿಯ ಕಡೆ ತಿರುಗಿ ನೋಡಿದಳು. ಏನೂ ಕೇಳಲಿಲ್ಲ. ಕೇಳದಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ.

ಮತ್ತೆ ಒಳಗೆ ತಿರುಗಿದಾಗ ಗಂಗಾಧರಯ್ಯನವರು ಸೆಕೆಗೆ ಟೋಪಿ ತೆಗೆದು ಬೀಸಿಕೊಳ್ಳುತ್ತಿದ್ದರು.

ಅವರ ತಲೆಯ ಮೇಲೆ ಕೂದಲು ಇತ್ತು, ಆದರೆ ಎಂಥ ಕೂದಲು! ಕೊಯ್ದ ರಾಗಿ ಹೊಲದ ಕೂಳೆಯ ಹಾಗೆ, ಎಲ್ಲ ಒಂದೇ ಮಟ್ಟಕ್ಕೆ ಮೊಳೆತ ಬಿಳಿ ಕೂದಲು. ಮೀಸೆಯೂ ಹಾಗೆಯೇ, ಈಗಷ್ಟೇ ಮೊಳೆತದ್ದು. ಇದು ತಿರುಪತಿಗೆ ಹೋಗಿ ಬಂದವನ ತಲೆಯಿದ್ದರೂ ಇರಬಹುದು. ಆದರೆ ಮೀಸೆ?

ಕದರಪ್ಪ ಬಂದು ಮೇಜಿನ ಎದುರಿನ ಕುರ್ಚಿಯಲ್ಲಿ ಕೂತ. ಮಸಿ ಮೆತ್ತಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಮೇಷ್ಟ್ರೇ, ಮನೇಲಿ ಯಾರೋ ಹಿರಿಯರು ಹೋದ ಹಾಗಿದೆ."

ಗಂಗಾಧರಯ್ಯನವರ ಕೈ ತಾನಾಗಿ ತಲೆಗೆ ಹೋಯಿತು. "ನಮ್ಮಣ್ಣ. ಹೊಳವನಹಳ್ಳಿಯಲ್ಲಿದ್ರು. ಮಕ್ಕಳಿರಲಿಲ್ಲ. ನಾನೇ ಬೆಂಕಿ ಇಟ್ಟೆ."

"ಅಯ್ಯೋ ಪಾಪ. ವಯಸ್ಸಾಗಿತ್ತಾ?"

"ಆಗಿತ್ತು. ಆದರೂ ತಂದೆ ಸಮಾನ. ಓದಿಸಿದವರು ಅವರೇ."

"ಯಾವಾಗ ಹೋದ್ರು?"

"ಈ ನವರಾತ್ರಿಯಲ್ಲೇ. ಮೂರನೇ ದಿನ ಬೆಳಗಿನ ಜಾವ. ದೇವಿ ಪಾರಾಯಣ ಕೇಳ್ತಾ ಕೇಳ್ತಾ ಹೋದ್ರು. ಪುಣ್ಯವಂತರು." ಹೇಳುತ್ತಾ ಅವರ ಕಣ್ಣು ಒದ್ದೆಯಾಯಿತು. ಅದು ಸುಳ್ಳಿನ ನೀರಲ್ಲ.

"ಹನ್ನೊಂದು ದಿನದ ಸೂತಕ ಕಳೆದು ಬಂದ್ರಾ ಇಲ್ಲಿಗೆ?"

"ಮತ್ತೆ? ವೈಕುಂಠ ಸಮಾರಾಧನೆ ಮುಗಿಸದೆ ಬರೋಕಾಗುತ್ತಾ..."

ಮಾತು ಅಲ್ಲಿಗೇ ನಿಂತಿತು.

ಅವರಿಗೆ ಹೊಳೆಯಿತು. ಹೊಳೆದದ್ದು ಅವರ ಮುಖದಲ್ಲಿ ಕಂಡಿತು. ಚಿಕ್ಕರಂಗಯ್ಯನಿಗೂ ಹೊಳೆಯಿತು. ಅವನು ಬೆರಳು ಮಡಿಸಲು ಶುರುಮಾಡಿ ಅರ್ಧಕ್ಕೇ ಬಿಟ್ಟ.

"ಆಯುಧಪೂಜೆ ಒಂಬತ್ತನೇ ದಿನ ಬರುತ್ತೆ ಮೇಷ್ಟ್ರೇ," ಎಂದ ಕದರಪ್ಪ. ದನಿ ಏರಿಸಲಿಲ್ಲ. "ನೀವು ಸೂತಕದಲ್ಲಿದ್ರಿ. ತಂದೆ ಸಮಾನರಾದ ಅಣ್ಣನಿಗೆ ಕೊಳ್ಳಿ ಇಟ್ಟು, ಇನ್ನೂ ಶುದ್ಧ ಆಗದೆ, ಹೊಳವನಹಳ್ಳಿಯಿಂದ ಎದ್ದು ಬಂದು, ಇಲ್ಲಿ ಗಂಧ ತೇದು ಸರಸ್ವತಿಗೆ ವಿಭೂತಿ ಇಟ್ರಾ?"

ಗಂಗಾಧರಯ್ಯನವರು ಟೋಪಿಯನ್ನು ಮೇಜಿನ ಮೇಲಿಟ್ಟರು.

"ಹೌದು ಅನ್ನಿ. ನಾನು ಬರ್ಕೋತೀನಿ. ನಾಳೆ ಕೋರ್ಟಿನಲ್ಲಿ, ಊರೆಲ್ಲ ಇರುವಾಗ ಹೇಳಿ. ಸೂತಕದ ಮೈಯಲ್ಲಿ ಪೂಜೆ ಮಾಡಿದೆ ಅಂತ."

"ಶಿವ ಶಿವಾ!" ಮೇಷ್ಟ್ರು ಎರಡೂ ಕಿವಿ ಮುಟ್ಟಿಕೊಂಡರು. ಸುಳ್ಳು ಹೇಳುವಾಗ ಹೆದರದಿದ್ದವರು ಈಗ ಹೆದರಿದರು. "ಬೇಡಿ ಇನ್ಸ್‌ಪೆಕ್ಟ್ರೇ. ಆ ಮಾತು ಆಡಿಸಬೇಡಿ."

"ಹಾಗಾದ್ರೆ ನೀವು ಹಚ್ಚಲಿಲ್ಲ."

ಮೇಷ್ಟ್ರು ಕಿವಿಯಿಂದ ಕೈ ಇಳಿಸಿದರು.

"ಸಣ್ಣರಂಗಯ್ಯ ಹಚ್ಚೋನಲ್ಲ. ನೀವು ಹಚ್ಚಲಿಲ್ಲ. ಅಂದ್ರೆ ಪಟ್ಟೆ ಬಿದ್ದಿದ್ದು ಈ ಶಾಲೇಲಿ ಅಲ್ಲ. ಬೇರೆ ಎಲ್ಲೋ ಪೂಜೆ ಆಗಿದೆ, ಬೇರೆ ಎಲ್ಲೋ ಕರಪತ್ರ ಅಚ್ಚಾಗಿದೆ. ಆಮೇಲೆ ಆ ಉರುಳೆ ತಂದು ಇಲ್ಲಿ ಹಾಕಿ, ಇಲ್ಲಿನದ್ದು ತೆಗೆದುಕೊಂಡು ಹೋಗಿದ್ದಾರೆ. ಬೀಗ ಒಡೆದಿಲ್ಲ. ಬೀಗದಕೈ ನಿಮ್ಮ ಹತ್ರ. ಯಾರಿಗೆ ಕೊಟ್ರಿ?"

"ನನಗೆ..."

"ಯಾರು ಬಂದ್ರು ಮೇಷ್ಟ್ರೇ?"

"ನನಗೇನೂ ಗೊತ್ತಿಲ್ಲ."

"ಸಾರ್." ಕೆಳಗಿನಿಂದ ಸಣ್ಣರಂಗಯ್ಯ ಕರೆದ. ಪೊಲೀಸನನ್ನಲ್ಲ, ಮೇಷ್ಟ್ರನ್ನು. "ನನ್ ಮಗಳು ಎಂಟನೇ ಕ್ಲಾಸಿನಾಗೆ ನಿಮ್ಮ ಪಾಠನೇ ಕೇಳ್ತಾಳೆ ಸಾರ್. ನಿನ್ನೆ ಬೆಂಚಿನಾಗೆ ಅವಳ ಪಕ್ಕ ಯಾರೂ ಕುಂತ್ಕೊಳ್ಲಿಲ್ವಂತೆ. ಮನೇಗೆ ಬಂದು ಅವರಮ್ಮನ ಕೇಳವ್ಳೆ, ಅಪ್ಪ ಯಾಕಮ್ಮಾ ಬೋರಣ್ಣನ್ನ ಸಾಯಿಸಿದ್ದು ಅಂತ. ಅಷ್ಟೆಯ ಸಾರ್. ಇನ್ನೇನೂ ಕೇಳಲ್ಲ ನಾನು."

ಗಂಗಾಧರಯ್ಯನವರು ಟೋಪಿಯನ್ನು ಹಿಂಡಿದರು. ಇನ್ನೇನು ಮಾತು ಹೊರಬರಬೇಕು.

ಅಷ್ಟರಲ್ಲಿ ಅಂಗಳಕ್ಕೆ ಜೀಪು ನುಗ್ಗಿತು.

ಇಳಿದವನು ಮಧುಗಿರಿಯ ದಫೇದಾರ. ದಪ್ಪ ಹೊಟ್ಟೆ, ಬಾಯ್ತುಂಬ ಎಲೆಅಡಿಕೆ. ಬಾಗಿಲಲ್ಲೇ ನಿಂತು ಸೆಲ್ಯೂಟ್ ಹೊಡೆದ. "ಸಾರ್, ಸಾಹೇಬ್ರು ಕಾಯ್ತಾವ್ರೆ. ಮ್ಯಾಜಿಸ್ಟ್ರೇಟ್ರು ಸಂಜೆ ಮದುವೆಗೆ ಹೋಗ್ತಾರಂತೆ. ಅಷ್ಟರೊಳಗೆ ಕೈದಿ ತತ್ತಾ ಅಂದವ್ರೆ."

"ಒಂದರ್ಧ ಗಂಟೆ ನಿಲ್ಲು."

"ನಿಲ್ಲಬೌದು ಸಾರ್. ಆದ್ರೆ ಸಾಹೇಬ್ರು ಹೇಳಿ ಕಳಿಸವ್ರೆ." ದಫೇದಾರ ಎಲೆರಸ ನುಂಗಿ, ಒಪ್ಪಿಸುವವನ ಹಾಗೆ ಹೇಳಿದ. "'ಕದರಪ್ಪ ಅರ್ಧ ಗಂಟೆ ನಿಲ್ಲು ಅಂತಾನೆ, ನಿಲ್ಲಬ್ಯಾಡ' ಅಂತ."

ಚಿಕ್ಕರಂಗಯ್ಯ ಮತ್ತೆ ಗೋಡೆ ನೋಡಿ ಕೆಮ್ಮಿದ.

ಕದರಪ್ಪ ಲೆಕ್ಕ ಹಾಕಿದ. ಕೈಯಲ್ಲಿ ಏನಿದೆ? ತೊಳೆದು ಹಾಳಾದ ಒಂದು ಪಟ್ಟೆ, ಉಳಿದ ಎರಡು. ಮೇಷ್ಟ್ರು ಹೇಳಿದ ಒಂದು ಸುಳ್ಳು. ಸತ್ಯ ಇನ್ನೂ ಅವರ ಗಂಟಲಲ್ಲೇ ಇದೆ. ಇಷ್ಟನ್ನು ನಂಬಿ ಮೇಲಧಿಕಾರಿಯ ಅಪ್ಪಣೆ ಮೀರಲೇ? ಮೇಷ್ಟ್ರ ಬಾಯಿಂದ ಹೆಸರು ಬಂದರೆ, ಹೇಳಿಕೆ ಹಿಡಿದು ಬಸ್ಸಿಗೇ ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ಇಡಬಹುದು. ಮದುವೆ ಮನೆಗಾದರೂ ಸರಿ. ಆದರೆ ಮೇಷ್ಟ್ರನ್ನು ಈಗ ಬಿಟ್ಟು ಹೋದರೆ ಆ ಗಂಟಲು ಮತ್ತೆ ತೆರೆಯುವುದಿಲ್ಲ. ಉರುಳೆಯನ್ನು ಕಾಯಲು ಚಿಕ್ಕರಂಗಯ್ಯ ಇಲ್ಲೇ ಇರಬೇಕು. ಮತ್ತೆ ಯಾರಾದರೂ ಬಂದು ಉಳಿದೆರಡು ಪಟ್ಟೆಯನ್ನೂ ಒರೆಸಿದರೆ?

"ಕರ್ಕೊಂಡು ಹೋಗು," ಎಂದ. ಹೇಳಿದ್ದು ತನ್ನ ಬಾಯೇ ಎಂದು ನಂಬಲಾಗಲಿಲ್ಲ. ಆಮೇಲೆ ಸಣ್ಣರಂಗಯ್ಯನ ಹೆಗಲ ಮೇಲೆ ಕೈಯಿಟ್ಟ. ಬಿಳಿ ಅಂಗಿಯ ಮೇಲೆ ಐದು ಬೆರಳ ಮಸಿ ಮೂಡಿತು. "ಹೆದರಬೇಡ. ನಾನು ಹಿಂದೆಯೇ ಬರ್ತೀನಿ."

ಸಣ್ಣರಂಗಯ್ಯ ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಅಂಗಳದಲ್ಲಿ ಜುಂಜಪ್ಪ ಎದ್ದು ನಿಂತಿದ್ದರು. ಕೋಲೂರಿಕೊಂಡು ಜೀಪಿನ ಹತ್ತಿರ ಬಂದರು.

"ಸಾಮಿ, ನಾನೂ ಹೋಯ್ತೀನಿ. ದೊರೆ ಮುಂದೆ ನಮ್ ಬೋರನ ಸಾವಿನ ಮಾತು ಹೇಳಾಕೆ ಒಬ್ಬ ಒಡಹುಟ್ಟಿದೋನಾದ್ರೂ ಬ್ಯಾಡ್ವಾ? ಬಸ್ಸಿಗೆ ಹತ್ತಾಕೆ ಈ ಮಂಡಿ ಕೇಳಾಕಿಲ್ಲ."

ಮುದುಕನ ಕಣ್ಣು ಕೆಂಪಾಗಿತ್ತು. ಕದರಪ್ಪ ಕರಗಿದ. "ಹತ್ತಿ ಯಜಮಾನ್ರೇ. ದಫೇದಾರ್ರೇ, ಮುಂದೆ ಕೂರಿಸ್ಕೊಳಿ."

ಜೀಪು ಧೂಳೆಬ್ಬಿಸಿ ಹೊರಟಿತು. ಸಣ್ಣಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಹಿಂದೆಯೇ ಗೇಟಿನವರೆಗೆ ಓಡಿದಳು. ಆಮೇಲೆ ಗೇಟಿನಾಚೆಗೂ ಓಡಿದಳು.

ಕದರಪ್ಪ ಒಳಗೆ ಬಂದು ಬಾಗಿಲು ಹಾಕಿದ.

"ಮೇಷ್ಟ್ರೇ. ಈಗ ನಾವಿಬ್ಬರೇ. ಚಿಕ್ಕರಂಗಯ್ಯ ಕಿವುಡ ಅಂದ್ಕೊಳಿ."

"ಕಿವುಡನೇ ಸಾರ್," ಎಂದ ಚಿಕ್ಕರಂಗಯ್ಯ.

ಗಂಗಾಧರಯ್ಯನವರು ಬಾಗಿಲನ್ನೇ ನೋಡುತ್ತಿದ್ದರು. ಜೀಪಿನ ಸದ್ದು ದೂರವಾಗುವವರೆಗೂ ಕಿವಿಗೊಟ್ಟರು. ಅದು ಅಡಗಿದ ಮೇಲೆ, ಬಹಳ ಹೊತ್ತಿನಿಂದ ಉಸಿರು ಕಟ್ಟಿದ್ದವನ ಹಾಗೆ ಉಸಿರು ಬಿಟ್ಟರು.

"ಹೋದ್ರಾ?"

"ಯಾರು?"

"ಸಂತೆಯಲ್ಲಿ ಅನಾಹುತ ಆದ ಮಾರನೇ ದಿನ," ಎಂದು ಶುರುಮಾಡಿದರು. ದನಿ ಗುಹೆಯೊಳಗಿನಿಂದ ಬಂದ ಹಾಗಿತ್ತು. "ಸಂಜೆ ಶಾಲೆ ಬಿಟ್ಟ ಮೇಲೆ. ಯಂತ್ರ ರಿಪೇರಿ ಮಾಡೋನು ಅಂತ ಒಬ್ಬನ್ನ ಕರ್ಕೊಂಡು ಬಂದ್ರು. ಮೂಟೆಯೊಳಗೆ ಏನೋ ಇತ್ತು. 'ಮೇಷ್ಟ್ರೇ, ಬೀಗದಕೈ ಕೊಟ್ಟು ನೀವು ಮನೆಗೆ ಹೋಗಿ' ಅಂದ್ರು. ಕೊಟ್ಟೆ. ಹೋದೆ. ಹೋಗದೆ ಏನು ಮಾಡ್ಲಿ? ಈ ಶಾಲೆ ನಿಂತಿರೋದೇ ಅವರ ಜಾಗದ ಮೇಲೆ. ಇವತ್ತು ಬೇಡ ಅಂದ್ರೆ ನಾಳೆ ಇನ್ನೂರು ಮಕ್ಕಳು ಬಯಲಿಗೆ. ಆಮೇಲೆ ಸಣ್ಣರಂಗನ್ನ ಹಿಡಿದಾಗ ನನಗೆ ಗೊತ್ತಾಯ್ತು. ಗೊತ್ತಾದ ಮೇಲೆ ಹೇಳೋ ಧೈರ್ಯ ಬರಲಿಲ್ಲ. ಅವರು ಬೆಳಗ್ಗೆಯಿಂದ ಆ ಮರದ ಕೆಳಗೆ ಕೂತು ನನ್ನೇ ಕಾಯ್ತಿದ್ರು ಇನ್ಸ್‌ಪೆಕ್ಟ್ರೇ. ನಾನೆಲ್ಲಿ ಬಾಯಿ ಬಿಡ್ತೀನೋ ಅಂತ."

ಕದರಪ್ಪ ಕಿಟಕಿಯಾಚೆ ಖಾಲಿಯಾಗಿದ್ದ ಹೊಂಗೆಮರದ ನೆರಳನ್ನು ನೋಡಿದ.

"ಜುಂಜಪ್ಪ?"

ಮೇಷ್ಟ್ರು ಕಣ್ಣು ಮುಚ್ಚಿ ತಲೆಯಾಡಿಸಿದರು.

"ಸತ್ತಿದ್ದು ಅವರ ಒಡಹುಟ್ಟಿದ ತಮ್ಮ ಮೇಷ್ಟ್ರೇ! ತಮ್ಮನ್ನ ಕೊಂದ ಕರಪತ್ರದ ಉರುಳೆ ಅವರ ಕೈಗೆ ಹೇಗೆ ಬಂತು? ಯಾಕೆ ಬಚ್ಚಿಟ್ರು?"

"ಅದು ನನಗೆ ಗೊತ್ತಿಲ್ಲ. ಆ ಶಿವನಾಣೆ ಗೊತ್ತಿಲ್ಲ."

"ಸಾರ್," ಎಂದ ಚಿಕ್ಕರಂಗಯ್ಯ. ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. "ಒಂದು ಮಾತು ನನಗೆ ಬೆಳಗ್ಗೇನೇ ಹೊಳೀಬೇಕಾಗಿತ್ತು. ಇವತ್ತು ಗುಡ್ಡದಾಚೆ ಕುರಿ ಕಾಯೋರ ಹಟ್ಟಿಯಾಗೆ ಬೋರಣ್ಣನ ತಿಥಿ. ಸುತ್ತಮುತ್ತಲ ಹಟ್ಟಿಯೋರೆಲ್ಲ ಅಲ್ಲಿ ಸೇರವ್ರೆ. ತಮ್ಮನ ತಿಥಿ ಬಿಟ್ಟು ಈ ಅಣ್ಣ ಇಲ್ಲಿ ಮರದ ಕೆಳಗೆ ಯಾಕೆ ಕುಂತಿದ್ದ?"

ಮೇಷ್ಟ್ರ ಸೂತಕದ ಲೆಕ್ಕ ಹಿಡಿದವನ ಕಣ್ಣಿಗೆ ಈ ತಿಥಿ ಬಿದ್ದಿರಲಿಲ್ಲ. ಕದರಪ್ಪ ಬಾಗಿಲ ಕಡೆ ಧಾವಿಸಿದ.

ಅವನು ತೆಗೆಯುವ ಮೊದಲೇ ಬಾಗಿಲು ಹೊರಗಿನಿಂದ ತಳ್ಳಿಕೊಂಡು ತೆರೆಯಿತು. ಸಣ್ಣಕ್ಕ. ಓಡಿ ಬಂದ ಏದುಸಿರಿಗೆ ಮಾತೇ ಹೊರಡುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಕೈ ಮಾತ್ರ ಗುಡ್ಡದ ಕಡೆ ಚಾಚಿದಳು.

"ಸಾಮಿ... ನೀವು ಮಧುಗಿರೀಗೆ ಅಂತ ತಾನೆ ಹೇಳಿದ್ದು?"

"ಹೌದು. ಯಾಕೆ? ಏನಾಯ್ತು?"

"ಕವಲಿನ ತಾವ ಜೀಪು ನಿಲ್ಸಿ ಆ ಮುದುಕ ಕೋಲು ತೋರ್ಸ್ದ. ಕಾಗದಾನೋ ಏನೋ ತಗೋಬೇಕು ಅಂದ. ಜೀಪು ಟಾರ್ ರೋಡಿಗೆ ಹೋಗ್ಲಿಲ್ಲ ಸಾಮಿ. ಹಟ್ಟಿ ದಾರೀಗೆ ತಿರುಗಿಸ್ಬುಟ್ರು. ಬೋರಣ್ಣನ್ನ ಕೊಂದೋನು ಅಂತ ಕಾದಿರೋ ಆ ಜನದ ಮಧ್ಯಕ್ಕೆ ನಮ್ಮೋರ್ನ ಬೇಡಿ ಸಮೇತ ಕರ್ಕೊಂಡು ಹೋಯ್ತಾವ್ರೆ!"